ಗೇರು ಬೀಳದಿರುವಿಕೆಯ ಮೀಮಾಂಸೆ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಗಳನ್ನು ಅನುಲಕ್ಷಿಸಿ ಒಂದು ತೌಲನಿಕ ಅಧ್ಯಯನ

ಕೈಗೇರಿನ ಕಾರು ಎಂಬುದು ಕೇವಲ ಕಾರಲ್ಲ, ಅದೊಂದು ಸಂಕಥನ. ಎಂಜಿನ್ ಎಂಬ ಅಧಿಕಾರಕೇಂದ್ರಕ್ಕೂ ಅಂಚಿಗೆ ತಳ್ಳಲ್ಪಟ್ಟ ಚಕ್ರಗಳಿಗೂ ನಡುವೆ ಜರುಗುವ ಅನುಸಂಧಾನದ ನೆಲೆಯೇ ಗೇರ್‌ಬಾಕ್ಸ್. ಈ ಅನುಸಂಧಾನ ಭಗ್ನಗೊಳ್ಳುವ ಸಂಕೀರ್ಣ ವಿದ್ಯಮಾನವನ್ನು ಜನಸಾಮಾನ್ಯರು 'ಗೇರ್ ಬೀಳ್ತಿಲ್ಲ' ಎಂದು ಎರಡೇ ಪದಗಳಲ್ಲಿ ಮುಗಿಸಿಬಿಡುತ್ತಾರೆ. ಇಂಥ ಸರಳೀಕರಣದಿಂದ ವಿಷಯವನ್ನು ಪಾರುಮಾಡಿ, ಯಾರಿಗೂ ಅರ್ಥವಾಗದ ಎತ್ತರಕ್ಕೆ ಒಯ್ಯುವುದು ಪ್ರಸ್ತುತ ಅಧ್ಯಯನದ ಉದ್ದೇಶ. ವ್ಯಾಪ್ತಿಯನ್ನು ನಾಲ್ಕು ತಾಲ್ಲೂಕುಗಳಿಗೆ ಮಿತಿಗೊಳಿಸಲಾಗಿದೆ. ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಗೇರು ಕೆಡುವುದಿಲ್ಲವೇ ಎಂದು ಕೇಳುವವರು ಗಮನಿಸಬೇಕು: ಆ ಎರಡನ್ನೂ ಮುಂದಿನ ಅನುದಾನಕ್ಕಾಗಿ ಕಾಯ್ದಿರಿಸಲಾಗಿದೆ.

ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆಯಾದ ಕಾರಣ ವ್ಯಾಧಿಗಳೂ ಏಳೇ ಇರತಕ್ಕದ್ದು. ಮೊದಲನೆಯದು ಸಾರ್ವತ್ರಿಕ ಅಪ್ರವೇಶ. ಎಂಜಿನ್ ಓಡುತ್ತಿರುವಾಗ ಯಾವ ಗೇರೂ ಬೀಳುವುದಿಲ್ಲ, ರಿವರ್ಸ್ ಅಂತೂ ಕರ್ರೆನ್ನುತ್ತದೆ. ಎಂಜಿನ್ ಆಫ್ ಮಾಡಿದರೆ ಎಲ್ಲವೂ ಸಲೀಸಾಗಿ ಬೀಳುತ್ತವೆ. ಇಲ್ಲಿ ಗೇರ್‌ಬಾಕ್ಸ್ ನಿರಪರಾಧಿ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸಡಿಲವಾಗಿದೆ ಅಥವಾ ಕ್ಲಚ್ಚಿನ ಆಯಿಲ್ ಸೋರಿದೆ. ಎರಡನೆಯದು ಏಕದೇಶೀಯ ಘರ್ಷಣೆ. ಮಿಕ್ಕ ಗೇರುಗಳೆಲ್ಲ ಸರಿಯಿದ್ದು ಮೂರಕ್ಕೆ ಹಾಕುವಾಗ ಮಾತ್ರ ಕರಕರ ಎಂದರೆ ಆ ಗೇರಿನ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಬಹುಮಟ್ಟಿಗೆ ಸವೆದಿದೆ ಎಂದೇ ಅರ್ಥ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಶ್ ಬರುವ ಮೊದಲು ವೇಗ ಹೊಂದಿಸುವ ಈ ಕೆಲಸವನ್ನು ಚಾಲಕರು ಎರಡೆರಡು ಸಲ ಕ್ಲಚ್ ತುಳಿದು ತಾವೇ ಮಾಡಬೇಕಿತ್ತು. ಮೂರನೆಯದು ಸ್ವಯಂಪ್ರೇರಿತ ನಿರ್ಗಮನ, ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರುವುದು. ಒಳಗಿನ ಸ್ಪ್ರಿಂಗ್ ಸೋತಿರಬಹುದು, ಹಲ್ಲು ಸವೆದಿರಬಹುದು, ಹೊರಗಿನ ಮೌಂಟಿಂಗ್ ಹರಿದಿರಬಹುದು. ಜೋಗಿಮಟ್ಟಿಯಿಂದ ಇಳಿಯುವಾಗ ಹೀಗಾದರೆ ಅದು ತಾತ್ವಿಕ ಜಿಜ್ಞಾಸೆಯಾಗಿ ಉಳಿಯುವುದಿಲ್ಲ. ನಾಲ್ಕರಿಂದ ಏಳರವರೆಗಿನ ವ್ಯಾಧಿಗಳಿಗೆ ಸಂಸ್ಕೃತದ ಹೆಸರು ಹುಡುಕುವಷ್ಟರಲ್ಲಿ ಗಾಡಿ ಗ್ಯಾರೇಜಿಗೆ ಹೋಗಿ ರಿಪೇರಿಯಾಗಿ ಬಂದಿರುತ್ತದೆ. ಆದ್ದರಿಂದ ವರ್ಗೀಕರಣ ಇಲ್ಲಿಗೆ ಸಾಕು.

ಗ್ಯಾರೇಜಿನಲ್ಲಿ ನಡೆಯುವುದೇ ಬೇರೆ. ಗಾಡಿ ನ್ಯೂಟ್ರಲ್ಲಿನಲ್ಲಿದೆ, ಎಂಜಿನ್ ಓಡುತ್ತಿದೆ, ಒಳಗೆಲ್ಲೋ ಗೊರಗೊರ ಸದ್ದು. ಮೇಸ್ತ್ರಿ ಕ್ಲಚ್ ತುಳಿಯಲು ಹೇಳುತ್ತಾರೆ. ಸದ್ದು ನಿಂತರೆ ಗೇರ್‌ಬಾಕ್ಸಿನ ಬೇರಿಂಗ್, ಬಹುಮಟ್ಟಿಗೆ ಇನ್‌ಪುಟ್ ಶಾಫ್ಟಿನದು. ತುಳಿದಾಗಲೇ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್. ಉಳಿದದ್ದನ್ನೆಲ್ಲ ಇದ್ದ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ಫಲ ನೋಡುವ ಈ ಕ್ರಮವನ್ನೇ ಪ್ರಯೋಗಾಲಯಗಳೂ ನೆಚ್ಚಿಕೊಂಡಿರುವುದು. ಇದು ಅನುಭವಜನ್ಯ ಕೌಶಲವಷ್ಟೆ, ಇದಕ್ಕೆ ಸೈದ್ಧಾಂತಿಕ ಚೌಕಟ್ಟಿಲ್ಲ ಎಂದು ಪಂಡಿತರು ಆಕ್ಷೇಪಿಸುತ್ತಾರೆ. ಚೌಕಟ್ಟು ಇದ್ದೇ ಇದೆ: ಕ್ಲಚ್ ತುಳಿದಾಗ ಇನ್‌ಪುಟ್ ಶಾಫ್ಟ್ ಎಂಜಿನ್ನಿನಿಂದ ಬೇರ್ಪಟ್ಟು ನಿಲ್ಲುತ್ತದೆ ಎಂಬುದು ತಿಳಿಯದವರಿಗೆ ಈ ಪರೀಕ್ಷೆ ಹೊಳೆಯುವುದೇ ಇಲ್ಲ. ಮೆಕ್ಯಾನಿಕ್ಕುಗಳೂ ತಪ್ಪುತ್ತಾರೆ, ಬೇಡದ ಪಾರ್ಟು ಬದಲಿಸುತ್ತಾರೆ ಎಂಬ ಇನ್ನೊಂದು ಆಕ್ಷೇಪ ನಿಜ. ಆದರೆ ದುರ್ಗದಲ್ಲಿ ಮಾಡಿದ ತಪ್ಪು ಹೆದ್ದಾರಿಯಲ್ಲಿ ಹಿರಿಯೂರು ಮುಟ್ಟುವುದರೊಳಗೆ ಬಯಲಾಗುತ್ತದೆ. ಗಿರಾಕಿ ತಿರುಗಿ ಬಂದು ಬೈಯುತ್ತಾನೆ. ಸಂಕಿರಣದಲ್ಲಿ ಓದಿದ ಪ್ರಬಂಧ ಸುಳ್ಳೆಂದು ತಿರುಗಿ ಬಂದು ಬೈಯಲು ಅದಕ್ಕೆ ಗಿರಾಕಿಯೇ ಇಲ್ಲ. ಪ್ರಮಾಣಪತ್ರ ಉಂಟು, ಅಂಕ ಉಂಟು, ಬಡ್ತಿ ಉಂಟು.

ಈಗ ಕ್ಲಚ್ ಸ್ಲಿಪ್ಪಿನ ವಿಷಯ. ಏರಿನಲ್ಲಿ ಎಂಜಿನ್ನಿನ ಬೊಬ್ಬೆ ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹೊಸದುರ್ಗದ ಸಂತೆಯ ದಿನ ಹಾಫ್ ಕ್ಲಚ್ಚಿನಲ್ಲೇ ತೆವಳುವ ಗಾಡಿಯ ಪ್ಲೇಟು, 48ನೇ ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲೇ ಓಡುವ ಗಾಡಿಯದಕ್ಕಿಂತ ಬೇಗ ಸವೆಯುತ್ತದೆ. ಮೀಟರಿನ ಲೆಕ್ಕ ಎರಡಕ್ಕೂ ಒಂದೇ ಇರಬಹುದು. ನಮ್ಮ ವಿದ್ವತ್ತಿನ ಪ್ಲೇಟು ಸವೆದಿರುವುದೂ ಹಾಗೆಯೇ, ದೂರ ಹೋಗಿ ಅಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಸಂಕಿರಣಗಳಿಗೆ ಮಾರ್ಚ್ ಬಂದರೆ ಸಾಕು. ದೇಸಿ ಜ್ಞಾನಪರಂಪರೆ, ಶ್ರಮಸಂಸ್ಕೃತಿ ಎಂದು ಎರಡು ದಿನ ಬೊಬ್ಬೆ, ಊಟ, ಹಾರ, ಶಾಲು. ವೇದಿಕೆಯ ಮೇಲೆ ಎಣ್ಣೆ ಮೆತ್ತಿದ ಕೈ ಒಂದೂ ಇಲ್ಲ. ಶ್ರಮಸಂಸ್ಕೃತಿಯ ಬಗ್ಗೆ ಮಾತಾಡಿ ಮರಳುವಾಗ ಹೊಳಲ್ಕೆರೆ ರಸ್ತೆಯಲ್ಲಿ ಕಾರು ಕೆಟ್ಟರೆ, ಅದೇ ಶ್ರಮಿಕನನ್ನು 'ಏಯ್, ಏನಪ್ಪ ಅದು' ಎಂದು ಕೂಗಿ, ಕೂಲಿಯಲ್ಲಿ ಇನ್ನೂರು ರೂಪಾಯಿಗೆ ಜಗ್ಗಾಡುವುದಕ್ಕೆ ನಾಚಿಕೆಯಾಗಬೇಕು.

ಕೈಗೇರಿನ ಕಾಲ ಮುಗಿಯುತ್ತಿದೆ, ಇನ್ನು ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ತಾನೇ ಗೇರು ಬದಲಿಸುವ ಎಎಂಟಿ ಬಂದಿದೆ, ಬ್ಯಾಟರಿ ಕಾರುಗಳಲ್ಲಿ ಗೇರು ಬದಲಿಸುವ ಮಾತೇ ಬಹುಪಾಲು ಇಲ್ಲ. ಗೇರ್‌ಬಾಕ್ಸ್ ಹೋದರೆ ಹೋಗಲಿ, ಯಂತ್ರಕ್ಕಾಗಿ ಅಳಬೇಕಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು, ಯಾವ ಬೇರಿಂಗ್ ಹೋಗಿದೆಯೆಂದು ಬಿಚ್ಚದೆಯೇ ಹೇಳುವವರ ತಿಳಿವಳಿಕೆ ಮಾತ್ರ ಅವರ ಜೊತೆಯಲ್ಲೇ ಹೋಗುತ್ತಿದೆ. ಶೆಡ್ಡಿನಲ್ಲಿ ಪಾನಾ ಎತ್ತಿಕೊಡುತ್ತಾ ಕಲಿಯುವ ಹುಡುಗ ಅದರಲ್ಲಿ ಅಷ್ಟಿಷ್ಟು ಹಿಡಿದುಕೊಳ್ಳುತ್ತಾನೆ, ಆಮೇಲೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಕಾರಣ ಹುಡುಕುವ ಈ ಬುದ್ಧಿ ಮೋಟಾರಿಗೂ ಬೇಕು, ಪಂಪ್‌ಸೆಟ್ಟಿಗೂ ಬೇಕು. ನಾಲ್ಕು ತಾಲ್ಲೂಕುಗಳ ಮೇಸ್ತ್ರಿಗಳನ್ನು ಕೂರಿಸಿಕೊಂಡು, ಅವರು ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆದು, ಅವರದೇ ಹೆಸರು ಹಾಕಿ ಐಟಿಐ ಹುಡುಗರ ಕೈಗೆ ಕೊಡುವುದಕ್ಕೆ ಸೈದ್ಧಾಂತಿಕ ಚೌಕಟ್ಟು ಬೇಕಾಗಿಲ್ಲ. ಒಂದು ಸಂಕಿರಣದ ಶಾಲು-ಹಾರದ ಖರ್ಚು ಸಾಕು; ಜೊತೆಗೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವವರು ಒಬ್ಬರು ಬೇಕು.