ಡಬ್ಬಿ ಸಣ್ಣದು, ಬಿಲ್ಲು ದೊಡ್ಡದು

ಹೈದರಾಬಾದಿನಲ್ಲಿ ನಿಂತು ಸಣ್ಣದೇನಾದರೂ ಬೇಕೆಂದು ಕೇಳಿ ನೋಡಿ. ಒಬ್ಬರಿಗೆಂದು ತರಿಸಿದ ಬಿರಿಯಾನಿಯನ್ನು ಇಬ್ಬರು ಉಂಡು, ಉಳಿದದ್ದಕ್ಕೆ ಮೂರನೆಯವನಿಗೆ ಫೋನ್ ಮಾಡಬೇಕಾಗುತ್ತದೆ. ಇಂಥ ಊರಿನಲ್ಲಿ ಸಿಕಂದರಾಬಾದಿನ ಪಾರ್ಕ್‌ಲೇನಿಗೆ, ಹುಡುಗರು ಸಿಟಿಸಿ ಅನ್ನುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ, "ಗೇಮ್ ಆಡೋ ಕಂಪ್ಯೂಟರ್ ಕಟ್ಟಿಸಬೇಕು, ಆದಷ್ಟು ಸಣ್ಣದು" ಅಂದರೆ ಅಂಗಡಿಯವನು ಮೊದಲು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ನಿಮ್ಮ ಹಿಂದೆ ದೊಡ್ಡವರು ಯಾರಾದರೂ ಬಂದಿದ್ದಾರೋ ಅಂತ ನೋಡುತ್ತಾನೆ. "ಅರೇ ಮಿಯಾ, ಜ್ಯಾದಾ ಪೈಸೇ ದೇಕೆ ಛೋಟಾ ಡಬ್ಬಾ ಕೈಕು?"

ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ಆಳೆತ್ತರದ ಕ್ಯಾಬಿನೆಟ್ಟು ಅಗ್ಗ, ಸಣ್ಣದು ತುಟ್ಟಿ. ಸಣ್ಣ ಬೋರ್ಡು ತುಟ್ಟಿ, ಸಣ್ಣ ಪವರ್ ಸಪ್ಲೈ ಇನ್ನೂ ತುಟ್ಟಿ. ತಗಡು ಕಡಿಮೆಯಾದಂತೆಲ್ಲ ಬಿಲ್ಲು ಉದ್ದವಾಗುತ್ತದೆ. ಆದರೆ ಸಣ್ಣದಕ್ಕೆ ದೊಡ್ಡ ದುಡ್ಡು ಸುರಿಯುವುದು ಈ ಊರಿಗೇನು ಹೊಸತಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1891ರಲ್ಲಿ ಜೇಕಬ್ ಎಂಬ ವ್ಯಾಪಾರಿಯ ಜೊತೆ ಒಂದು ವಜ್ರದ ವ್ಯವಹಾರ ಮಾಡಿ ಕೋರ್ಟು ಕಚೇರಿಯ ತನಕ ಹೋದವನು. ಅದೇ ವಜ್ರ ಅವನ ಬೂಟಿನ ತುದಿಯಲ್ಲಿ ಸಿಕ್ಕಿತಂತೆ, ಮಗ ಅದನ್ನು ಕಾಗದದ ಮೇಲೆ ಭಾರಕ್ಕಿಡುತ್ತಿದ್ದನಂತೆ. ಬೂಟಿನಲ್ಲಿ ಹಿಡಿಸಿತು ಎಂಬುದೇ ಅದರ ದೊಡ್ಡಸ್ತಿಕೆ ಅನ್ನಿ.

ನಮ್ಮ ಅಕ್ಕನ ಮಗ ನಿಜಾಮನಲ್ಲ. ಬೀದರಿನ ಹುಡುಗ, ಗಚ್ಚಿಬೌಲಿಯಲ್ಲಿ ನೌಕರಿ, ಒಂದೇ ಕೋಣೆಯ ಬಾಡಿಗೆ ಮನೆ. ಮಂಚ, ಮೇಜು, ಇಸ್ತ್ರಿ ಬಟ್ಟೆಯ ಗುಡ್ಡೆ ಕಳೆದು ಉಳಿದ ಜಾಗವನ್ನು ಟೇಪು ಹಿಡಿದು ಅಳೆದು, ಕಂಪ್ಯೂಟರ್ ಇಪ್ಪತ್ತು ಲೀಟರ್ ಒಳಗಿರಬೇಕು ಅಂತ ತೀರ್ಮಾನಿಸಿದ. ಹೌದು, ಲೀಟರ್. ಈ ಸಣ್ಣ ಡಬ್ಬಿಗಳ ಭಕ್ತರು ಹೊರಗಾತ್ರವನ್ನು ಲೀಟರಿನಲ್ಲೇ ಹೇಳುವುದು. ಮೂಲೆಯಲ್ಲಿ ಕೂತಿರುವ ನೀರಿನ ಕ್ಯಾನು ಇದೆಯಲ್ಲ, ಅದಕ್ಕಿಂತ ದಪ್ಪವಾದದ್ದು ಅವರ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ. ಕಾಚಿಗೂಡದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರಿಗೆ ಇದನ್ನು ಹೇಳಿದೆ. "ನಮ್ಮ ಕಾಲದಾಗ ರೇಡಿಯೋ ಎಷ್ಟು ದೊಡ್ಡದೋ ಅಷ್ಟು ಮರ್ಯಾದಿ ಇತ್ತಪಾ. ಇವರದೇನು ತಿರುಗಮುರುಗ" ಅಂದರು.

ತಿರುಗಮುರುಗವೇ. ಬೇರೆಯವರು ಮೊದಲು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಆರಿಸಿ, ಉಳಿದ ಚಿಲ್ಲರೆಯಲ್ಲಿ ಕ್ಯಾಬಿನೆಟ್ ತಗೊಳ್ಳುತ್ತಾರೆ. ಇಲ್ಲಿ ಡಬ್ಬಿಯೇ ಯಜಮಾನ, ಮಿಕ್ಕವರೆಲ್ಲ ಅವನು ಹೇಳಿದಲ್ಲಿ ಮೈ ಮುದುರಿ ಕೂರಬೇಕು. ಬೋರ್ಡು ಮಿನಿ ಐಟಿಎಕ್ಸ್ ಆಗಬೇಕು, ಹದಿನೇಳು ಸೆಂಟಿಮೀಟರ್ ಚೌಕ. ಇಂಟೆಲ್ ಕಂಪನಿ 1995ರಲ್ಲಿ ತಂದ ಎಟಿಎಕ್ಸ್ ಬೋರ್ಡಿನ ಐದರಲ್ಲಿ ಎರಡು ಪಾಲೂ ಇಲ್ಲ. 2001ರಲ್ಲಿ ತೈವಾನಿನ ವಿಯಾ ಕಂಪನಿ ಈ ಅಳತೆ ಹೊರತಂದದ್ದು ಕಡಿಮೆ ವಿದ್ಯುತ್ತು ಕುಡಿಯುವ, ಸದ್ದಿಲ್ಲದೆ ಮೂಲೆಯಲ್ಲಿ ಕೆಲಸ ಮಾಡುವ ಪಾಪದ ಯಂತ್ರಗಳಿಗೆ. ಅದರ ಹೆಗಲಿಗೆ ಇವತ್ತು ರಾಕ್ಷಸ ಗಾತ್ರದ ಗ್ರಾಫಿಕ್ಸ್ ಕಾರ್ಡು ಕೂರಿಸಿ ಯುದ್ಧಕ್ಕೆ ಕಳಿಸುತ್ತಾರೆ.

ಕಾರ್ಡಿನ ಮಾತಿಗೆ ಬಂದರೆ ನಗು ತಡೆಯುವುದು ಕಷ್ಟ. ಸಣ್ಣ ಡಬ್ಬಿಯವರ ಗೋಳು ಕೇಳಿ ಎನ್‌ವಿಡಿಯಾ ಕಂಪನಿ 2024ರಲ್ಲಿ "ಸಣ್ಣದಕ್ಕೆ ತಯಾರು" ಎಂಬ ಅಳತೆಯೊಂದನ್ನು ಸಾರಿತು. ಉದ್ದ 304 ಮಿಲಿಮೀಟರ್, ದಪ್ಪ 50. ಅಂದರೆ ಶಾಲೆ ಹುಡುಗರ ಅಡಿಪಟ್ಟಿಯಷ್ಟು ಉದ್ದ! ಇದು ಸಣ್ಣದಂತೆ. ಜರ್ಮನಿಯಿಂದ ಬಂದ ಡ್ಯಾನ್ ಎ4 ಎಂಬ ಏಳು ಚಿಲ್ಲರೆ ಲೀಟರಿನ ಪ್ರಸಿದ್ಧ ಡಬ್ಬಿಯೊಳಗೆ 295 ಮಿಲಿಮೀಟರಿನ ಕಾರ್ಡು ಹೋದರೆ ಮುಗಿಯಿತು. ಒಂಬತ್ತು ಮಿಲಿಮೀಟರಿಗಾಗಿ ನಮ್ಮ ಹುಡುಗ ಮೂರು ರಾತ್ರಿ ನಿದ್ದೆಗೆಟ್ಟ. ವಧುವಿನ ಎತ್ತರ ಕೇಳುವಾಗಲೂ ಅಕ್ಕ ಇಷ್ಟು ಕಟ್ಟುನಿಟ್ಟು ಮಾಡಿರಲಿಲ್ಲ.

ಕೊನೆಗೆ ಕೂಲರ್ ಮಾಸ್ಟರಿನ ಎನ್‌ಆರ್200 ಅಂತಾಯಿತು, ಹದಿನೆಂಟೂಕಾಲು ಲೀಟರ್. ಕಾರ್ಡಿಗೆ 330 ಮಿಲಿಮೀಟರ್ ಜಾಗವಿದೆ ಅಂತ ಅವನು ಹೇಳಿದ ಧಾಟಿ ಕೇಳಿದರೆ ಬಂಜಾರಾ ಹಿಲ್ಸಿನಲ್ಲಿ ಪ್ಲಾಟು ಕೊಂಡಂತಿತ್ತು. ಪವರ್ ಸಪ್ಲೈ ಎಸ್‌ಎಫ್‌ಎಕ್ಸ್ ಬೇಕು, ಅಂಗಡಿಯಲ್ಲಿ ಸಾಲಾಗಿ ಪೇರಿಸಿಟ್ಟ ಮಾಮೂಲಿನದು ಇದರೊಳಗೆ ಕೂರುವುದಿಲ್ಲ. ಅದು ಸ್ಟಾಕಿಲ್ಲ, ಆರ್ಡರ್ ಹಾಕಬೇಕು. ಐಟಿಎಕ್ಸ್ ಬೋರ್ಡೂ ಸ್ಟಾಕಿಲ್ಲ. "ಮೈಕ್ರೋ ಎಟಿಎಕ್ಸ್ ಹೈ ನಾ ಭಾಯ್" ಅಂತ ಅಂಗಡಿಯವನು ಒಂದು ಸಲ ಅಲ್ಲ, ಮಾತು ಮಾತಿಗೆ ತೋರಿಸಿದ. ಎಎಂಡಿ, ಎನ್‌ವಿಡಿಯಾ, ಮೈಕ್ರಾನ್ ಮೂವರ ಕಚೇರಿಗಳೂ ಇರುವ ಊರು ಇದು. ಚಿಪ್ಪಿಗೆ ತಲೆ ಓಡಿಸುವವರು ಆ ತುದಿಯಲ್ಲಿ ಕೂತಿದ್ದಾರೆ, ಅದು ಕೂರುವ ಬೋರ್ಡಿಗಾಗಿ ಈ ತುದಿಯಲ್ಲಿ ನಾವು ವಾರಗಟ್ಟಲೆ ಕಾಯುತ್ತೇವೆ.

ರ‍್ಯಾಮಿನದು ಬೇರೆಯೇ ಕತೆ. ಐಟಿಎಕ್ಸ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟು. ಈಗ ಸ್ವಲ್ಪ, ಮುಂದೆ ಸ್ವಲ್ಪ ಅನ್ನುವ ಮಧ್ಯಮವರ್ಗದ ಉಪಾಯ ಇಲ್ಲಿ ನಡೆಯದು. ಮುಂದೆ ಹೆಚ್ಚಿಸಬೇಕೆಂದರೆ ಹಳೆಯದನ್ನು ಕಿತ್ತು ಹಾಕಬೇಕು. ಅದಕ್ಕೇ ಒಟ್ಟಿಗೇ ಕೊಳ್ಳಪ್ಪ ಅಂದೆ. ಅಷ್ಟರಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳತೊಡಗಿ 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಮೈಕ್ರಾನ್ ಅಂತೂ ಡಿಸೆಂಬರಿನಲ್ಲಿ, ಮನೆಮಂದಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂದುಬಿಟ್ಟಿತು. ಹುಡುಗ ದಿನಾ ಬೆಳಿಗ್ಗೆ ರ‍್ಯಾಮಿನ ದರ ನೋಡುತ್ತಿದ್ದ, ಅವನಮ್ಮ ಬಂಗಾರದ ದರ ನೋಡುತ್ತಿದ್ದಳು. ಇಬ್ಬರ ನಿಟ್ಟುಸಿರೂ ಒಂದೇ ಹೊತ್ತಿಗೆ ಬರುತ್ತಿತ್ತು.

ಈಗ ಶಾಖದ ವಿಚಾರ. ಇದೊಂದರಲ್ಲಿ ನಾನು ತಮಾಷೆ ಬಿಟ್ಟು ಅವನ ಮೇಲೆ ಒತ್ತಾಯ ಹೇರಿದೆ. ಹೊರದೇಶದವರು ತಂಪು ಕೋಣೆಯಲ್ಲಿ ಪರೀಕ್ಷಿಸಿ ಬರೆದ ಡಿಗ್ರಿಗಳನ್ನು ನಂಬಿ ಕೊಂಡರೆ ಇಲ್ಲಿ ಮೇ ತಿಂಗಳು ಪಾಠ ಕಲಿಸುತ್ತದೆ. ಹೊರಗೆ ನಲವತ್ತೆರಡು ಡಿಗ್ರಿ ಇದ್ದಾಗ ಪುಟ್ಟ ಡಬ್ಬಿಯ ಫ್ಯಾನು ಒಳಗೆಳೆಯುವುದು ಕೋಣೆಯ ಬಿಸಿಗಾಳಿಯನ್ನೇ. ಯಂತ್ರ ಎಳೆಯುವ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿ ನಿಮ್ಮ ಕೋಣೆಗೇ ಬರುತ್ತದೆ. ಆರ್‌ಟಿಎಕ್ಸ್ 5090ರಂಥದ್ದು 575 ವ್ಯಾಟ್ ಕುಡಿಯುತ್ತದೆ, ಅದನ್ನು ಆ ಒಂಟಿ ಕೋಣೆಯಲ್ಲಿಟ್ಟರೆ ಎಸಿ ಒಂದು ಕಡೆ, ಕಾರ್ಡು ಒಂದು ಕಡೆ ಜಗಳಕ್ಕೆ ನಿಲ್ಲುತ್ತವೆ. ಕರೆಂಟ್ ಬಿಲ್ಲು ಇಬ್ಬರದ್ದೂ ನೀನೇ ಕಟ್ಟಬೇಕು ಅಂದೆ. ಪ್ರೊಸೆಸರಿನಲ್ಲೂ ಅಷ್ಟೇ: ರೈಜೆನ್ 5 7600 ತರಹದ 65 ವ್ಯಾಟಿನದು ತಣ್ಣಗಿರುತ್ತದೆ. ದುಡ್ಡು ಜಾಸ್ತಿ ಇದ್ದರೆ 7800ಎಕ್ಸ್3ಡಿ. ಕಾಗದದ ಮೇಲೆ ಅದು 120 ವ್ಯಾಟ್, ಗೇಮ್ ಆಡುವಾಗ ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಕೆಲಸ ಮುಗಿಸುತ್ತದೆ. ಅವನು ಎರಡನೆಯದನ್ನೇ ಹಿಡಿದ. ಗಾಜಿನ ಬಾಗಿಲು ಬೇಡ, ಜಾಲರಿಯದೇ ಇರಲಿ ಅಂತ ಹೇಳಿದೆ. "ದೀಪ ಕಾಣಬೇಕಲ್ಲ ಮಾಮಾ" ಅಂದ. ದೀಪಾವಳಿಗೆ ಇನ್ನೂ ಟೈಮ್ ಅದ, ಸುಮ್ಮನಿರು ಅಂದೆ.

ಇಷ್ಟೆಲ್ಲ ಖರ್ಚಿಗೆ ಅವನು ಕೊಟ್ಟ ದೊಡ್ಡ ಕಾರಣ ಒಂದೇ: "ಹಬ್ಬಕ್ಕ ಊರಿಗೆ ಹೋದಾಗ ಒಯ್ಯಬಹುದು ಮಾಮಾ." ಒಯ್ದ. ಜಹೀರಾಬಾದ್ ಮೇಲೆ ಹೋಗುವ ಬೀದರ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು, ಕಂಡಕ್ಟರ್ "ಒಳಗೇನದ?" ಅಂದಾಗ ಕೂಸಿನ ವಯಸ್ಸು ಹೇಳುವವನ ಹಾಗೆ ಲೀಟರ್ ಲೆಕ್ಕ ಹೇಳಿಕೊಂಡು ಒಯ್ದ. ಮನೆಗೆ ಹೋಗಿ ಬಿಚ್ಚಿದ ಮೇಲೆ ನೆನಪಾದದ್ದು, ಇಪ್ಪತ್ತೇಳು ಇಂಚಿನ ಮಾನಿಟರ್ ಗಚ್ಚಿಬೌಲಿಯಲ್ಲೇ ಇದೆ ಅಂತ. ಇರಲಿ, ಟೀವಿಗೆ ಹಚ್ಚಿದರಾಯಿತು ಅಂತ ಕೇಬಲ್ ಹಿಡಿದು ಹಾಲಿಗೆ ಬಂದರೆ ಅಕ್ಕ ರಿಮೋಟನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. "ಕೂಡು. ಇದು ಮುಗಿದ ಮ್ಯಾಲೆ ಇನ್ನೊಂದು ಅದ. ಅದರ ಮ್ಯಾಲೆ ಇನ್ನೊಂದು ಅದ. ನಿಂದು ರಾತ್ರಿ ಹತ್ತರ ಮ್ಯಾಲೆ ಹಚ್ಚು, ಸೌಂಡ್ ಸಣ್ಣದಾಗಿರಲಿ."