ಮೂಗು ಕೆಳಗೆ ರಾಯರು

ಬೆಂಗಳೂರಿನ ಅಂಚಿನಲ್ಲಿ ಸೈಟು ಹಂಚಿಯೂ ಮನೆ ಏಳದ ಯಾವುದಾದರೊಂದು ಲೇಔಟಿಗೆ ಭಾನುವಾರ ಬೆಳಗ್ಗೆ ಹೋಗಿ ನೋಡಿ. ರಿಮೋಟಿನ ವಿಮಾನ ಹಾರಿಸುವ ಹುಡುಗರ ನಡುವೆ ಒಬ್ಬ ರಾಯರು ಇದ್ದೇ ಇರುತ್ತಾರೆ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತಿ, ತಲೆಗೆ ಮಂಕಿ ಕ್ಯಾಪು, ಹೆಗಲಿಗೆ ಮಲ್ಟಿಮೀಟರು. ವಿಮಾನ ಸರಿಯಾಗಿ ಹಾರುವಷ್ಟು ಹೊತ್ತು ಅವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಫ್ಲಾಸ್ಕಿನ ಕಾಫಿ, ಪೇಪರು. ಮೇಲೆ ಮೋಟರಿನ ಸದ್ದು ಫಕ್ಕನೆ ನಿಂತಿತೋ, ಪೇಪರು ಮಡಚಿ ಎದ್ದರೆಂದೇ ಲೆಕ್ಕ.

“ಎಳೀಬೇಡ! ಎಳೀಬೇಡ! ಮೂಗು ಕೆಳಗೆ!”

ಮನೆಯಲ್ಲಿ ಕರೆಂಟು ಹೋದರೆ ಪಕ್ಕದ ಮನೆಯಲ್ಲಿದೆಯೇ ಎಂದು ಇಣುಕುತ್ತೇವೆ. ಆಕಾಶದಲ್ಲಿ ಆ ಸೌಕರ್ಯವಿಲ್ಲ. ವಿಮಾನ ಇಳಿಯತೊಡಗಿದೊಡನೆ ಹುಡುಗನ ಹೆಬ್ಬೆರಳು ಅವನನ್ನು ಕೇಳದೆಯೇ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಮೂಗು ಏಳುತ್ತದೆ, ವೇಗ ಸಾಯುತ್ತದೆ, ರೆಕ್ಕೆ ಗಾಳಿಯ ಆಸರೆ ತಪ್ಪಿ ಒಂದು ಮಗ್ಗುಲಿಗೆ ಹೊರಳಿ ನೆಲಕ್ಕೆ. ಮೂಗು ತಗ್ಗಿಸಿ ವೇಗ ಉಳಿಸಿಕೊಂಡರೆ ತೇಲಿಕೊಂಡು ಬಂದು ಇಳಿದೀತು. ರಾಯರು ಕೂಗುವುದು ಕರ್ಕಶವಾದರೂ ಕೂಗುವ ಮಾತು ಅಪ್ಪಟ ಸರಿ. ಸಂಕಟವೆಂದರೆ, ಅವರು ಅಷ್ಟಕ್ಕೆ ನಿಲ್ಲಿಸುವುದಿಲ್ಲ.

“ಬ್ಯಾಟರಿ ಪೂರ್ತಿ ಸತ್ತಿಲ್ಲ ಕಣಯ್ಯಾ! ಸೆಲ್ಲು ತುಂಬಿದಾಗ 4.2 ವೋಲ್ಟು. 3ರ ಹತ್ತಿರಕ್ಕೆ ಇಳೀತೋ, ಸ್ಪೀಡ್ ಕಂಟ್ರೋಲರು ಮೋಟರಿಗೆ ಕೊಡೋದು ನಿಲ್ಲಿಸತ್ತೆ. ರಿಸೀವರಿಗೂ ಸರ್ವೋಗೂ ಮಾತ್ರ ಒಂಚೂರು ಉಳಿಸಿಟ್ಟಿರತ್ತೆ. ಥ್ರಾಟಲ್ ಪೂರ್ತಿ ಇಳಿಸು, ಮೆಲ್ಲಗೆ ಏರಿಸು, ಭಾರ ಇಳಿದ ಬ್ಯಾಟರಿ ಸ್ವಲ್ಪ ಚೇತರಿಸ್ಕೊಳತ್ತೆ…”

ಪಾಠ ಇಲ್ಲಿಗೆ ಬರುವಷ್ಟರಲ್ಲಿ ವಿಮಾನ ಲಂಟಾನದ ಪೊದೆಯಲ್ಲಿರುತ್ತದೆ. ರಾಯರ ನಿಜವಾದ ಭಾನುವಾರ ಶುರುವಾಗುವುದೇ ಆಗ. ಅವಶೇಷಗಳ ಸುತ್ತ ಕುಕ್ಕರಗಾಲಲ್ಲಿ ಕೂತು ಒಂದೊಂದೇ ವೈರು ಜಗ್ಗುತ್ತಾರೆ. ಕನೆಕ್ಟರು ಸಡಿಲ. ಬೆಸುಗೆ ಸರಿಯಾಗಿ ಕೂತಿಲ್ಲ. ಬ್ಯಾಟರಿ ಊದಿದೆ. “ಇದನ್ನ ಯಾರಯ್ಯಾ ಸೋಲ್ಡರ್ ಮಾಡಿದ್ದು?” ಎಂಬ ಪ್ರಶ್ನೆಗೆ ಉತ್ತರ ಅವರಿಗೆ ಮೊದಲೇ ಗೊತ್ತು. ಹುಡುಗನ ಬಾಯಿಂದಲೇ ಬರಬೇಕು, ಅಷ್ಟೆ.

ಅವರದ್ದೇ ವಿಮಾನ ಮೇಲೆ ಹೋದಾಗ ಕಥೆ ಬೇರೆ. ಹೊತ್ತು ಮೀರಿತೆಂದು ರಿಮೋಟು ಕೀಂ ಕೀಂ ಎಂದರೆ, “ತಯಾರಿಸಿದೋರು ಹತ್ತು ಪರ್ಸೆಂಟ್ ಹೆದರಿಸಿಟ್ಟಿರ್ತಾರೆ” ಎಂದು ಇನ್ನೊಂದು ಸುತ್ತು. ಮೊನ್ನೆ ಆ ಇನ್ನೊಂದು ಸುತ್ತಿನ ಆಚೆ ತುದಿಯಲ್ಲಿ ಸದ್ದು ನಿಂತಿತು. ಕೆಳಗೆ ಕೊಯ್ಲಾದ ರಾಗಿಹೊಲ, ಹಪ್ಪಳದಷ್ಟು ಚಪ್ಪಟೆ, ನೇರ ಇಳಿಸಬಹುದಿತ್ತು. ಆದರೆ ಹುಡುಗರೆಲ್ಲ ನೋಡುತ್ತಿದ್ದಾರೆ. “ರಸ್ತೆಗೇ ತರ್ತೀನಿ” ಎಂದು ರಾಯರು ಚೂಪಾಗಿ ತಿರುಗಿಸಿದರು, ಎತ್ತರ ಸಾಲದೆಂದು ಕಡ್ಡಿಯನ್ನೂ ಎಳೆದರು. “ಸಾರ್, ಮೂಗು ಕೆಳಗೆ!” ಎಂದು ಅಷ್ಟೂ ಹುಡುಗರು ಒಂದೇ ಕಂಠದಲ್ಲಿ ಕೂಗಿದ ಆ ಸುಖವನ್ನು ಏನೆಂದು ವರ್ಣಿಸಲಿ.

ವಿಮಾನ ರಾಗಿಯ ಮೆದೆಗೆ ನೆಟ್ಟಗೆ ನೆಟ್ಟಿತು. “ಹಿಂಗಾಳಿ,” ಎಂದರು ರಾಯರು, ಯಾರೂ ಕೇಳದೆಯೇ.

ಹೊಲದ ಯಜಮಾನ ಬಂದ. “ಏನ್ ಸ್ವಾಮಿ ಇದು, ಮೆದೆ ಮ್ಯಾಲೆ?” ರಾಯರು ಅವನಿಗೂ ಬ್ಯಾಟರಿಯ ಪಾಠ ಬಿಚ್ಚಿದರು. ವೋಲ್ಟೇಜು ಇಳೀತು, ಮೋಟರು ತಾನಾಗೇ ಆಫ್ ಆಯ್ತು, ಯಾರದ್ದೂ ತಪ್ಪಲ್ಲ. ಆತ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದ.

“ನಮ್ ಪಂಪ್‌ಸೆಟ್ಟೂ ಹಂಗೇಯ ಸ್ವಾಮಿ. ರಾತ್ರಿ ಹೊತ್ತು ಓಲ್ಟೇಜ್ ಇರಾಕಿಲ್ಲ, ಸ್ಟಾರ್ಟರು ಫಟ್ ಅಂತ ಬಿದ್ದೋಯ್ತದೆ.”

ರಾಯರ ಮುಖ ಅರಳಿತು. “ಬೀಳಲೇಬೇಕಲ್ಲಪ್ಪ! ಒಳಗೆ ನೋ ವೋಲ್ಟ್ ಕಾಯಿಲ್ ಅಂತ ಇರತ್ತೆ, ವೋಲ್ಟೇಜ್ ಕುಸಿದ್ರೆ ಹಿಡಿತ ಬಿಡತ್ತೆ. ಎಲ್ಲಿದೆ ನಿನ್ನ ಸ್ಟಾರ್ಟರು, ನಡಿ.”

“ಸಾರ್, ವಿಮಾನ?”

“ಕೀಳ್ರಯ್ಯಾ ನೀವೇ. ಕನೆಕ್ಟರ್ ಜೋಪಾನ,” ಎಂದು ಮಲ್ಟಿಮೀಟರು ಹೆಗಲಿಗೇರಿಸಿ ಬದುವಿನ ಮೇಲೆ ಹೊರಟೇಬಿಟ್ಟರು.