ಡಬ್ಲಿನ್‌ನಲ್ಲಿ ಒನ್ಸ್‌ಮೋರ್

ಕುಣಿಗಲ್ ಸೀಮೆಯ ಕರ್ಣನಾದ ನಾನು ಹೋದ ವರ್ಷ ಡಬ್ಲಿನ್ನಿನ ಒಂದು ಪಬ್ಬಿನಲ್ಲಿ ಹತ್ತು ಯೂರೋ ನೋಟು ಹಿಡಿದು ಪಿನ್ನು ಹುಡುಕುತ್ತಿದ್ದೆ. ಪಿಟೀಲಿನ ಮುದುಕ ಅಂಥದ್ದೊಂದು ರಾಗ ಎಳೆದಿದ್ದ. ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ಅವನ ಎದೆತುಂಬ ನೋಟು. "ಕೂತ್ಕೊ ಮಾವ, ಇಲ್ಲಿ ಹಂಗೆಲ್ಲ ಚುಚ್ಚಂಗಿಲ್ಲ" ಅಂತ ಅಕ್ಕನ ಮಗ ತೋಳು ಜಗ್ಗಿದ. ಹೋಗಲಿ ಅಂತ "ಒನ್ಸ್‌ಮೋರ್" ಅಂದೆ. ಇಡೀ ಪಬ್ಬು ತಿರುಗಿ ನೋಡಿತು.

ಇದಕ್ಕೆ 'ಸೆಷನ್' ಅಂತಾರಂತೆ. ವೇದಿಕೆಯಿಲ್ಲ, ಮೈಕಿಲ್ಲ, ಪ್ರಾಸ್ತಾವಿಕ ನುಡಿಯಿಲ್ಲ, ಶಾಲು ಹೊದಿಸಿಕೊಳ್ಳಲು ಕಾದ ಗಣ್ಯರೂ ಇಲ್ಲ. ಮೇಜಿನ ಸುತ್ತ ಐದಾರು ಜನ, ನಡುವೆ ಕಪ್ಪನೆಯ ಬಿಯರು. ಒಬ್ಬ ಬಾಯಲ್ಲಿ ಊದದೆ ಮೊಣಕೈಯಡಿ ತಿದಿ ಒತ್ತಿ ಕೊಳವೆ ನುಡಿಸುತ್ತಿದ್ದ. ಇಲನ್ ಪೈಪ್ಸ್, 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ ಎಂದು ಅಳಿಯ ಹೇಳಿದ ಠೀವಿಗೆ, ಪಟ್ಟಿ ಬರೆದವನೇ ಇವನಿರಬೇಕು. "ನಮ್ಮ ಮೂಡಲಪಾಯದಲ್ಲಿ ಮುಖವೀಣೆ ಊದ್ತಾರಲ್ಲ, ಕೇಳಿದ್ದೀಯಾ?" ಅಂದೆ.

"ವೀಣೆ ಊದ್ತಾರಾ ಮಾವ?"

ಪಕ್ಕದಲ್ಲೊಬ್ಬ ಬೌರಾನ್ ಬಾರಿಸುತ್ತಿದ್ದ. ಮೇಕೆ ಚರ್ಮ, ದುಂಡನೆಯ ಚೌಕಟ್ಟು, ಗೇಣುದ್ದದ ಕೋಲು. ನಮ್ಮ ತಮಟೆಯ ದೊಡ್ಡಪ್ಪನ ಮಗನಂತಿತ್ತು. ಅಳಿಯ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಬಾರಿಸಿದವನ ಕೈ ಕುಲುಕಿದ. ತುಮಕೂರಿನಲ್ಲಿ ಇವನದೇ ಗೃಹಪ್ರವೇಶಕ್ಕೆ ಬಂದ ತಮಟೆಯವರಿಗೆ ಕಾಂಪೌಂಡಿನ ಹೊರಗೆ, ಪೇಪರ್ ಲೋಟದಲ್ಲಿ ಕಾಫಿ.

ಪಬ್ಬಿನವನು ನುಡಿಸುವವರಿಗೆ ಪುಕ್ಕಟೆ ಬಿಯರು ತಂದಿಟ್ಟಾಗ ಮಾತ್ರ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ನಮ್ಮ ಕಡೆ 'ಕುರುಕ್ಷೇತ್ರ' ನಾಟಕದಲ್ಲಿ ಹಾಡಬೇಕಾದರೆ ಹಾಡುವವನೇ ದುಡ್ಡು ಕಟ್ಟಬೇಕು. ಪಾತ್ರಕ್ಕಿಷ್ಟು ಎಂದು ರೇಟು. ಎಲ್ಲಕ್ಕಿಂತ ದುಬಾರಿ ದುರ್ಯೋಧನ. ಅದು ಸಾಮಾನ್ಯವಾಗಿ ಸೈಟು ವ್ಯಾಪಾರದವರಿಗೇ ಹೋಗುತ್ತದೆ. ಸೂಜಿಮೊನೆಯಷ್ಟು ನೆಲವನ್ನೂ ಬಿಡದವನ ಪಾರ್ಟಿಗೆ ಅನುಭವಸ್ಥರೇ ಬೇಕಲ್ಲ! ಆಮೇಲೆ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಬಣ್ಣ, ಶಾಮಿಯಾನ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ, ವೀರಣ್ಣನವರ ಕಾಲಕ್ಕೆ ಇದೇ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆ ತಂದಿತ್ತು. ಸುಲ್ತಾನರ ಕಾಲದಿಂದ ಕುದುರೆ ಫಾರಂ ಇರುವ ಕುಣಿಗಲ್ಲಿನಲ್ಲಿ ನನ್ನ ರಥಕ್ಕೆ ಇವತ್ತಿಗೂ ರಟ್ಟಿನ ಕುದುರೆ, ಅದಕ್ಕೂ ಬಾಡಿಗೆ ಬೇರೆ.

ಅಷ್ಟರಲ್ಲಿ ಪಿಟೀಲಿನ ಮುದುಕ, "ನಿಮ್ಮೂರಿನದೊಂದು ಆಗಲಿ" ಅಂತ ಅಳಿಯನತ್ತ ಕೈ ಮಾಡಿದ. ಕುಣಿಗಲ್ಲನ್ನೇ ನೋಡದವರೂ ಅದರ ಕೆರೆಯ ಜನಪದ ಗೀತೆ ಹಾಡುತ್ತಾರೆ. ಅದೇ ಕೆರೆ ಏರಿಯ ಮೇಲೆ ಸೈಕಲ್ ಕಲಿತ ಇವನಿಗೆ ಎರಡನೇ ಸಾಲು ಹೊರಡಲಿಲ್ಲ. ಮೊಬೈಲು ತೆಗೆದು ಹುಡುಕಿದ. ಅದು ಮೊದಲು ಜಾಹೀರಾತು ಹಾಡಿತು.

ನಾನೇ ಎದ್ದು ಕರ್ಣನದೊಂದು ಕಂದ ತೆಗೆದೆ. ಕೊಳವೆಯವನು ನನ್ನ ದನಿ ಹುಡುಕಿ ಶ್ರುತಿ ಹಿಡಿದ. ನಮ್ಮ ಮೇಷ್ಟ್ರು ಮೂರು ತಿಂಗಳ ಪ್ರಾಕ್ಟೀಸಿನಲ್ಲಿ ಬೈದೂ ಬೈದೂ ಕೂರಿಸಲಾಗದ ಜಾಗದಲ್ಲಿ ಸ್ವರ ಹೋಗಿ ಕೂತಿತು. ಅಳಿಯ ಅಷ್ಟನ್ನೂ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿ, ಕೆಳಗೆ 'ನಮ್ಮ ಬೇರುಗಳು' ಎಂದು ಬರೆದ.

ಹನ್ನೊಂದೂವರೆಗೆ ಗಂಟೆ ಬಾರಿಸಿ ಲೋಟ ಎತ್ತಿಬಿಟ್ಟರು. ನಮ್ಮಲ್ಲಿ ಆ ಹೊತ್ತಿಗೆ ಕೃಷ್ಣನಿಗೆ ಇನ್ನೂ ನೀಲಿ ಬಳಿಯುತ್ತಿರುತ್ತಾರೆ, ಶಕುನಿ ಎಲ್ಲಿ ಅಂತ ಮೈಕಿನಲ್ಲಿ ಕೂಗುತ್ತಿರುತ್ತಾರೆ.

ಊರಿಗೆ ಬಂದ ಮೇಲೆ ಈ ಸಲದ ನಾಟಕಕ್ಕೆ ಚಂದಾ ಕೇಳಲು ಅಳಿಯನಿಗೆ ಫೋನು ಮಾಡಿದೆ.

"ಕಳಿಸ್ತೀನಿ ಮಾವ. ಆದ್ರೆ ಹತ್ತು ಗಂಟೆಗೆ ಮೈಕ್ ಆಫ್ ಮಾಡಿಸ್ಬಿಡು. ಅಮ್ಮಂಗೆ ನಿದ್ದೆ ಬರಲ್ವಂತೆ."

ಅಕ್ಕ ನಾಟಕದ ದಿನ ಚಾಪೆ ತಗೊಂಡು ಸಂಜೆ ಆರಕ್ಕೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.